ಗುಟ್ಟಿನ ಕೆಲಸದ ಅಕ್ಕ

ನಮ್ಮ ದೊಡ್ಡಪ್ಪನ ಮಗಳಿಗೆ ದೇಶದ ಗುಟ್ಟು ಕಾಯುವುದು ಬರುತ್ತದೆ, ಬೆಳಿಗ್ಗೆ ಏನು ತಿಂದೆ ಎಂದು ಹೇಳುವುದು ಮಾತ್ರ ಬರುವುದಿಲ್ಲ! ಕೇಳಿದರೆ ಸುಮ್ಮನೆ ನಗುತ್ತಾಳೆ. ಅವಳದು ದಿಲ್ಲಿಯಲ್ಲಿ ದೇಶ ಕಾಯುವ ದೊಡ್ಡ ಕಚೇರಿ. ಗಡಿಯ ಕ್ಯಾಮೆರಾಕ್ಕೆ ಕಂಡದ್ದು ಮನುಷ್ಯನೋ ಬೇರೇನೋ ಎಂದು ಯಂತ್ರಕ್ಕೆ ಕಲಿಸುವ ತಂಡಕ್ಕೆ ಇವಳೇ ಯಜಮಾನಿ. ನಮಗೆ ಗೊತ್ತಿರುವುದು ಇಷ್ಟೇ, ಇದೂ ಹೆಚ್ಚೇ ಇರಬೇಕು.

ಈ ಸಲ ಚಳಿಗಾಲದಲ್ಲಿ ಅವಳು ತನ್ನೂರು ಹಿರೋಳ್ಳಿಗೆ ಬಂದಾಗ ನಾನೂ ಜೇವರ್ಗಿಯಿಂದ ಹೋದೆ. ಆಳಂದದಲ್ಲಿ ನಾವಿಬ್ಬರೂ ಹತ್ತಿದ ಆಟೋದವನು ಅವಳನ್ನು ಬಿಡುವವನೇ?

"ಏನ್ ಕೆಲ್ಸ ಮಾಡ್ತೀರಿ ಅಕ್ಕೋರ?"

"ಸರಕಾರದಾಗ. ಕಂಪ್ಯೂಟರ್ ಕೆಲ್ಸ."

"ಪಹಣಿ ತಿದ್ದತೀರೇನ್ರಿ?"

"ಅಂಥಾದ್ದೇ ಅನ್ಕೋರಿ."

ಮುಗಿಯಿತು! ಮರುದಿನ ಬೆಳಿಗ್ಗೆ ಹೊಲದ ಪಹಣಿಯಲ್ಲಿ ಹೆಸರು ತಪ್ಪಾದವರೆಲ್ಲ ಮನೆ ಮುಂದೆ ಹಾಜರ್. "ಜರಾ ನೋಡ್ರಿ ಮೇಡಂ." ಅಲ್ಲ ಎನ್ನುವಂತಿಲ್ಲ, ಹೌದು ಎನ್ನುವಂತಿಲ್ಲ. ಕೊನೆಗೆ ಅಷ್ಟೂ ಜನರನ್ನು ಕರೆದುಕೊಂಡು ಆಳಂದದ ಕಚೇರಿಗೆ ಹೋಗಿ ತಾನೇ ಸಾಲಿನಲ್ಲಿ ನಿಂತಳು. ಅಲ್ಲೊಬ್ಬ ಅವಳನ್ನು ಮೇಲಿಂದ ಕೆಳಗೆ ನೋಡಿ ಕೇಳಿದನಂತೆ: "ಹೊಸಾ ಏಜೆಂಟ್ ಏನ್ರಿ?"

ಆ ಸಂಜೆ ರೊಟ್ಟಿ ಬಡಿಯುತ್ತ ನನ್ನೊಬ್ಬಳ ಮುಂದೆ ಒಂದು ಮಾತು ಬಿಟ್ಟಳು. ದಿಲ್ಲಿ ಕಚೇರಿಯ ಮುಖ್ಯಸ್ಥೆಯ ಕುರ್ಚಿ ಅವಳಿಗೇ ಎಂದು ಮೇಲಿನವರು ಹೇಳಿದ್ದಾರೆ. ಆದರೆ ಯಂತ್ರ ಹೇಳಿದ್ದನ್ನು ಇನ್ನು ಮುಂದೆ ಮನುಷ್ಯರು ಮತ್ತೆ ನೋಡಬೇಕಿಲ್ಲ ಎಂದು ಇವಳು ಸಹಿ ಹಾಕಬೇಕು. ಇಪ್ಪತ್ತು ವರ್ಷ ದುಡಿದಿದ್ದೇ ಆ ಕುರ್ಚಿಗಾಗಿ. ಸಹಿ ಹಾಕಿಬಿಡು ಎಂದೆ ನಾನು. ಹೇಳುವುದಕ್ಕೇನು, ಬಾಯಿ ನಂದು!

ಮಾರನೆಯ ಬೆಳಿಗ್ಗೆ ಅಕ್ಕ ತೊಗರಿ ಹೊಲದ ಬೆದರುಗೊಂಬೆಯ ಫೋಟೋ ತೆಗೆಯಲು ಶುರು. ಮುಂದಿನಿಂದ, ಹಿಂದಿನಿಂದ, ಬಗ್ಗಿ, ಕುಂತು! ಅವಳ ಫೋನಿನಲ್ಲೂ ಒಂದು ಸಣ್ಣ ಗುರುತು ಹಿಡಿಯುವ ಯಂತ್ರವಿದೆ, ಯಾರು ಬೇಕಾದರೂ ಹಾಕಿಕೊಳ್ಳುವಂಥ ಆ್ಯಪ್. ಪಕ್ಕದ ಹೊಲದ ಚಾಚಾ ತಡೆಯಲಾರದೆ ಕೇಳಿದರು:

"ಯಾಕ್ ಬೇಟಿ, ಅದಕ್ಕ ಹೆಣ್ಣು ಹುಡಕಾಕತ್ತೀಯೇನು?"

ಫೋನು ಗೊಂಬೆಯನ್ನು 'ಮನುಷ್ಯ' ಎಂದಿತು. "ಇದನ್ನ ಮನಷ್ಯಾ ಅಂದ್ರ ನಡೀತದ ಬಿಡ್ರಿ ಚಾಚಾ" ಎಂದಳು ಅಕ್ಕ.

ಆಮೇಲೆ ಬದುವಿನ ಮೇಲೆ ಕಂಬಳಿ ಹೊದ್ದು ಕುಂತಿದ್ದ ದೊಡ್ಡಪ್ಪನ ಕಡೆ ಫೋನು ತಿರುಗಿಸಿದಳು. 'ಮೂಟೆ' ಎಂದಿತು! ನಾನೂ ಚಾಚಾನೂ ಬಿದ್ದು ಬಿದ್ದು ನಕ್ಕೆವು.

"ನಿಮ್ಮವ್ವನೂ ಹಂಗೇ ಅಂತಾಳ!" ದೊಡ್ಡಪ್ಪ ಅಲ್ಲಿಂದಲೇ ಕೂಗಿದ.

ಅಕ್ಕ ನಗಲಿಲ್ಲ. "ಅಪ್ಪಾ, ಜರಾ ಕೈ ಎತ್ತು" ಎಂದಳು. ಎತ್ತಿದ. ಆಗ 'ಮನುಷ್ಯ' ಎಂದಿತು.

"ಗಡಿಯಾಗ ಹಿಂಗ ಕುಂತವಂಗ ಕೈ ಎತ್ತಂತ ಯಾರ್ ಹೇಳ್ತಾರ?" ಎಂದಳು, ನನಗಷ್ಟೇ ಕೇಳುವ ಹಾಗೆ.

ಅಲ್ಲೇ ನಿಂತು ದಿಲ್ಲಿಗೆ ಫೋನು ಮಾಡಿದಳು. ಮನುಷ್ಯರು ನೋಡದೆ ಆಗುವುದಿಲ್ಲ, ನಾನು ಸಹಿ ಹಾಕುವುದಿಲ್ಲ, ಕುರ್ಚಿ ಬೇರೆಯವರಿಗೆ ಕೊಡಿ ಎಂದಳು. ಫೋನು ಇಟ್ಟ ಮೇಲೆ ಕಣ್ಣು ತುಂಬಿದವು.

"ಯವ್ವಾ, ಇನ್ನ ಇಳಸಲೇನು?" ಎಂದ ದೊಡ್ಡಪ್ಪ. ಪಾಪ, ಇನ್ನೂ ಕೈ ಎತ್ತಿಕೊಂಡೇ ಕುಂತಿದ್ದ.

ಅಕ್ಕ ಓಡಿಹೋಗಿ ಆ ಕೈಯನ್ನು ತನ್ನ ಎರಡೂ ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿದಳು. "ಇಳಸಪಾ. ನೀ ಎತ್ತೂದೇ ಬ್ಯಾಡ."