ಅತ್ತೆಗೆ ಕಡಿಮೆ ಬಂದ ನಂಬರು

ವಯಸ್ಸಾದವರಿಗೆ ಯಂತ್ರವೆಂದರೆ ಭಯ ಎನ್ನುತ್ತಾರೆ. ಭಯವಾಗಿದ್ದರೆ ಧೈರ್ಯ ಹೇಳಬಹುದಿತ್ತು. ನಮ್ಮ ಅತ್ತೆಯದು ಅನುಮಾನ. ಹೋದ ವರ್ಷ ನಮ್ಮ ಯಜಮಾನರು ಬಿ.ಪಿ. ಏರಿ ತೀರಿಕೊಂಡರು. ಮಗ ಹೋದ ಮೇಲೆ ಅತ್ತೆಗೂ ಬಿ.ಪಿ. ಇದೆಯೆಂದು ಗೊತ್ತಾಯಿತು. ಇವರನ್ನೂ ಕಳೆದುಕೊಂಡರೆ ಮನೆಯಲ್ಲಿ ನನ್ನನ್ನು ಬೈಯುವವರೇ ಇರುವುದಿಲ್ಲವೆಂದು ಹೆದರಿ, ಚಿಂತಾಮಣಿಯ ಮೆಡಿಕಲ್ ಅಂಗಡಿಯಿಂದ ಬಿ.ಪಿ. ನೋಡುವ ಯಂತ್ರ ತಂದೆ. ಡಾಕ್ಟರು, "ದಿನಾ ಬೆಳಿಗ್ಗೆ ನೋಡಿ. ನಂಬರೆಲ್ಲ ಅದರಲ್ಲೇ ಉಳಿದಿರುತ್ತೆ, ಯಂತ್ರಾನೇ ತನ್ನಿ. ಮಾತ್ರೆ ಜಾಸ್ತಿ ಮಾಡೋದಾ ಅಂತ ಆಮೇಲೆ ಹೇಳ್ತೀನಿ" ಎಂದಿದ್ದರು.

ಅತ್ತೆ ತೋಳಿಗೆ ಕಟ್ಟುವ ಪಟ್ಟಿಯನ್ನು ಹಾವು ನೋಡಿದಂತೆ ನೋಡಿದರು. "ರಕ್ತ ಗಿಕ್ತ ಹೀರ್ಕೊಂಡ್ಬಿಟ್ರೆ? ಮೊದ್ಲು ನೀನು ಕಟ್ಕೊಳ್ಳೇ." ಕಟ್ಟಿಕೊಂಡೆ. ಸತ್ತಿಲ್ಲವೆಂದು ಖಚಿತವಾದ ಮೇಲೆ ಅವರು ತೋಳು ಕೊಟ್ಟರು. ಮರುದಿನವೂ ಅದೇ. "ನಿನ್ನೆ ಹೀರ್ಲಿಲ್ಲ ಅಂತ ಇವತ್ತೂ ಹೀರಲ್ಲ ಅಂತೇನು ಗ್ಯಾರಂಟಿ?" ಹೀಗೆ ದಿನಾ ನಾನು ಮೊದಲು, ಅವರು ಆಮೇಲೆ. ನೋವಿಲ್ಲವೆಂದು ತೋರಿಸಲು ನಾನು ಹಲ್ಲು ಬಿಟ್ಟುಕೊಂಡು ಅವರ ಮುಖವನ್ನೇ ನೋಡುತ್ತಿದ್ದೆ. ಅವರು ಯಂತ್ರವನ್ನು ನೋಡುತ್ತಿದ್ದರು. ಆಮೇಲೆ ಯಾಕೋ ಮಧ್ಯಾಹ್ನದವರೆಗೂ ಪಾತ್ರೆ ಕುಕ್ಕುತ್ತಿದ್ದರು. ಸಾಲದ್ದಕ್ಕೆ, ಡಾಕ್ಟರು ಬೇಡವೆಂದ ಉಪ್ಪಿನಕಾಯಿಯನ್ನು ಎರಡೆರಡು ಸಲ ಬಡಿಸಿಕೊಳ್ಳತೊಡಗಿದರು.

ತಿಂಗಳಾದ ಮೇಲೆ ಇಬ್ಬರೂ ಯಂತ್ರ ಹಿಡಿದುಕೊಂಡು ಹೋದೆವು. ಡಾಕ್ಟರು ಅದರ ಗುಂಡಿ ಒತ್ತಿ ಒತ್ತಿ ಕಂಗಾಲಾದರು. "ಏನಮ್ಮಾ ಇದು, ಒಂದ್ಸಲ ಅಂಬಾಜಿದುರ್ಗದ ಬೆಟ್ಟದ ಮೇಲಿರುತ್ತೆ, ಐದು ನಿಮಿಷಕ್ಕೆ ಕೆಳಗಿರುತ್ತೆ? ಅಜ್ಜಿಗೆ ಮಾತ್ರೆ ಜಾಸ್ತಿ ಮಾಡಲೇಬೇಕು."

"ನಂಗ್ಯಾಕಪ್ಪಾ?" ಎಂದರು ಅತ್ತೆ ಮುಖ ಊದಿಸಿಕೊಂಡು. "ಮೇಲಿರೋದೆಲ್ಲಾ ಇವಳದ್ದು. ಏನು ಮಾಡಿದ್ರೂ ದಿನಾ ಇವಳಿಗೇ ಜಾಸ್ತಿ ಬರುತ್ತೆ. ನಾನೂ ಉಪ್ಪಿನಕಾಯಿ ತಿಂದು ಶಕ್ತಿ ಬರಿಸ್ಕೊಳ್ಳಣಾಂತ ನೋಡ್ದೆ. ಎಲ್ಲಿ ಬಂತು!"

ಪರೀಕ್ಷೆಯ ಮಾರ್ಕ್ಸ್ ಎಂದುಕೊಂಡಿದ್ದರು ಪಾಪ. ನನಗೆ ನಗು ತಡೆಯಲಾಗಲಿಲ್ಲ. ಡಾಕ್ಟರು ನಗಲಿಲ್ಲ. ನನ್ನ ತೋಳಿಗೆ ತಮ್ಮ ಪಟ್ಟಿ ಕಟ್ಟಿದರು, ಇನ್ನೊಮ್ಮೆ ಕಟ್ಟಿದರು, ಮಾತ್ರೆಯ ಚೀಟಿಯ ಮೇಲೆ ನನ್ನ ಹೆಸರು ಬರೆದರು. ದೊಡ್ಡ ನಂಬರೆಂದರೆ ಏನೆಂದು ಅತ್ತೆಗೆ ಬಿಡಿಸಿ ಹೇಳಿದರು. ಅತ್ತೆ ಬಸ್ಸಿನಲ್ಲಿ ಊರು ಬರುವವರೆಗೂ ನನ್ನ ಕೈ ಬಿಡಲಿಲ್ಲ. "ಅವನೂ ಹಿಂಗೇ ನಗ್ತಾನೇ ಇದ್ದ ಕಣೇ" ಎಂದರು, ಅಷ್ಟೇ.

ಈಗ ದಿನಾ ಅವರೇ ನನಗೆ ಪಟ್ಟಿ ಕಟ್ಟುತ್ತಾರೆ. "ಅಲ್ಲಾಡ್ಬೇಡ, ಬಾಯಿ ಮುಚ್ಕೊಂಡು ಕೂತ್ಕೋ" ಎಂದು ಗದರುತ್ತಾರೆ. ನಂಬರು ಕಡಿಮೆ ಬಂದರೆ ಯಂತ್ರ ಬಹಳ ಒಳ್ಳೆಯದೆನ್ನುತ್ತೇನೆ. ಜಾಸ್ತಿ ಬಂದ ದಿನ ಮಾತ್ರ, ಇಂಥ ಡಬ್ಬಿಗಳನ್ನೆಲ್ಲ ನಂಬುವುದಕ್ಕಾಗುತ್ತದೆಯೇ ಎಂದು ಅತ್ತೆಗೆ ಬುದ್ಧಿ ಹೇಳುತ್ತೇನೆ.