ಬೋಣಿ ಹೊತ್ತಿಗೆ ಟ್ಯಾಬ್ ಕೇಳಿದವರು

ಅಂಗಡಿ ಇಟ್ಟ ಮೇಲೆ ಇಂಥವು ಆಗುತ್ತಲೇ ಇರುತ್ತವೆ. ಆಗದ ದಿನ ಷಟರ್ ಎಳೆಯುವಾಗ, ವ್ಯಾಪಾರ ಆದರೂ ಏನೋ ಒಂದು ಮಾರಲು ಬಾಕಿ ಉಳಿದಂತೆ ಅನ್ನಿಸುತ್ತದೆ.

ಕುಂದಾಪುರದಲ್ಲಿ ನಾನು ಮೊದಲು ಮಾರಿದ್ದು ರೇಡಿಯೊ. ಆಮೇಲೆ ಟಿ.ವಿ., ಆಮೇಲೆ ಮೊಬೈಲು. ಈಗ ಕಾಲೇಜು ಶುರುವಾಗುವ ಹೊತ್ತಿಗೆ ಟ್ಯಾಬ್. ಸಾಮಾನು ಬದಲಾಯಿತು, ಗಿರಾಕಿ ಬದಲಾಗಲಿಲ್ಲ. ಆಗ ರೇಡಿಯೊವನ್ನು ಕೈಯಲ್ಲಿ ತೂಗಿ ನೋಡುತ್ತಿದ್ದರು, ಈಗ ಟ್ಯಾಬನ್ನೂ ತೂಗಿಯೇ ನೋಡುತ್ತಾರೆ. ಭಾರ ಇದ್ದರೆ "ಹೊರುಕೆ ಕಷ್ಟ", ಹಗುರ ಇದ್ದರೆ "ಇದ್ರೊಳ್ಗೆ ಎಂತದೂ ಇಲ್ಯಾ?"

ಮೀನುಗಾರಿಕೆಯ ರಜೆ ಮುಗಿದು ದೋಣಿಗಳು ಮತ್ತೆ ಕಡಲಿಗೆ ಇಳಿದ ಒಂದು ವಾರದ ಕತೆ ಇದು. ಆ ಒಂದೇ ವಾರದಲ್ಲಿ, ಮೂವತ್ತು ಚಿಲ್ಲರೆ ವರ್ಷ ವ್ಯಾಪಾರ ಮಾಡಿ ನಾನು ಕಲಿತದ್ದನ್ನೆಲ್ಲ ಇನ್ನೊಬ್ಬರು ನನಗೇ ಮಾರಿ ಹೋದರು.

ಐಸಿನಲ್ಲಿಟ್ಟ ಮಾಲು

ಸೋಮವಾರ ಬೆಳಿಗ್ಗೆ ಷಟರನ್ನು ಅರ್ಧ ಎತ್ತಿದ್ದೆ, ಅಷ್ಟರಲ್ಲೇ ಅದರ ಅಡಿಯಿಂದ ಬಗ್ಗಿ ಇಬ್ಬರು ಒಳಗೆ ಬಂದರು. ಒಬ್ಬರು ಮೀನು ಮಾರ್ಕೆಟಿನಲ್ಲಿ ಕೂರುವ ಗುಲ್ವಾಡಿಯ ಅಕ್ಕ. ಬೆಳಗಿನ ಮೀನು ಮುಗಿಸಿ ಖಾಲಿ ಬುಟ್ಟಿ ಹಿಡಿದೇ ಬಂದಿದ್ದರು. ಹಿಂದೆ ಅವರ ಮಗಳು.

"ಹ್ವಾಯ್ ಅಣ್ಣ, ಹೆಣ್ಣಿಗೆ ಓದುಕೆ ಒಂದ್ ಟ್ಯಾಬ್ ಬೇಕಿತ್ತ್. ಬ್ರಹ್ಮಾವರದಗೆ ಬಿ.ಎಸ್ಸಿ.ಗೆ ಸೇರ್ಸಿದ್ದೆ. ಬಪ್ಪ ಸೋಮವಾರ ಕ್ಲಾಸ್ ಶುರು. ಹತ್ತ್ ಸಾವ್ರದೊಳ್ಗೆ ಎಂತ ಇತ್ತ್ ಕಾಣಿ. ಅದ್ರ್ ಮೇಲೆ ಒಂದ್ ರೂಪಾಯಿ ಇಲ್ಲೆ ನನ್ನ ಹತ್ರ."

ನನ್ನ ಕಪಾಟಿನ ಮೂಲೆಯಲ್ಲಿ ಯಾರಿಗೂ ಬೇಡವಾಗಿ ಕುಳಿತ ಒಂದು ಪೀಸ್ ಇತ್ತು. ಇಂಥ ಗಿರಾಕಿಗೆಂದೇ ಅದು ಕಾದು ಕೂತಿದೆ ಅಂತ ನನಗೆ ಕಂಡಿತು. ತೆಗೆದು ಕೊಟ್ಟೆ.

ಅಕ್ಕ ಪರದೆಯ ಕಡೆ ಕಣ್ಣೇ ಹಾಕಲಿಲ್ಲ. ಮಗುಚಿ ಹಾಕಿದರು. ಬೆನ್ನನ್ನು ಹೆಬ್ಬೆರಳಿನಿಂದ ಒತ್ತಿ, ಕುಗ್ಗುತ್ತದೋ ಇಲ್ಲವೋ ನೋಡಿದರು. ಚಾರ್ಜರ್ ಹಾಕುವ ಜಾಗವನ್ನು ಬೆಳಕಿಗೆ ಹಿಡಿದು ಒಳಗೆ ಇಣುಕಿದರು, ಮೀನಿನ ಕಿವಿರು ಎತ್ತಿ ನೋಡುವ ಹಾಗೆ. ಮೂಸಲಿಲ್ಲ, ಅಷ್ಟೇ.

"ಇದ್ ಯಾವತ್ತ್ ಬಂದದ್ದ್?"

"ಮೊನ್ನೆ ಮೊನ್ನೆ," ಅಂದೆ. ನಮ್ಮ ವ್ಯಾಪಾರದಲ್ಲಿ 'ಮೊನ್ನೆ' ಬಹಳ ಉದ್ದದ ಶಬ್ದ.

ಮಗಳು ಅಷ್ಟರಲ್ಲಿ ಪೆಟ್ಟಿಗೆಯ ಬದಿಯಲ್ಲಿದ್ದ ಸಣ್ಣ ಅಕ್ಷರ ಓದುತ್ತಿದ್ದಳು. "ಅಮ್ಮ, ಇದ್ ತಯಾರಾಯಿ ಎರಡ್ ವರ್ಷ ದಾಟ್ತ್."

ಅಕ್ಕನಿಗೆ ಸಿಟ್ಟು ಬರಲಿಲ್ಲ. ಮೇಜಿನ ಮೇಲೆ ಮೆಲ್ಲ ಇಟ್ಟು ಹೇಳಿದರು: "ಐಸಂಗೆ ಇಟ್ಟದ್ದನ್ನ ನಾವೂ ಮಾರ್ತ್. ಆರೆ ಐಸಿಂದ್ ಅಂದ್ ಹೇಳಿ ಮಾರ್ತ್, ಅಣ್ಣ."

ಕನ್ನಡಿಯ ಮುಳ್ಳು

ಮಂಗಳವಾರ ಮತ್ತೆ ಅದೇ ಹೊತ್ತು, ಅದೇ ಅರ್ಧ ಷಟರು.

ಹತ್ತು ಸಾವಿರಕ್ಕೆ ಒಳ್ಳೆಯದು ಸಿಗುವುದು ಕಷ್ಟ, ಮನೆಯಲ್ಲಿರುವ ಮೊಬೈಲಿನಲ್ಲೇ ಒಂದು ವರ್ಷ ಸುಧಾರಿಸಲಿ ಅಂದೆ. ತಾಯಿ ಮಗಳು ಮುಖ ಮುಖ ನೋಡಿಕೊಂಡರು. ಮಗಳು ತಲೆ ತಗ್ಗಿಸಿದಳು. ಅಕ್ಕ ನಗಲು ಶುರು ಮಾಡಿದರು.

ಮನೆಗೆ ಇರುವುದು ಒಂದೇ ಮೊಬೈಲು. ದಿನಾ ಬೆಳಿಗ್ಗೆ ಅಕ್ಕ ಅದರಲ್ಲಿ ಮೀನಿನ ಫೋಟೊ ತೆಗೆದು ಖಾಯಂ ಗಿರಾಕಿಗಳ ವಾಟ್ಸಾಪ್ ಗುಂಪಿಗೆ ಹಾಕುತ್ತಾರೆ. ಮಗಳು ಪಿಯುಸಿಯಲ್ಲಿದ್ದಾಗ ಅದೇ ಮೊಬೈಲಿನಲ್ಲಿ ಪಾಠದ ಫೋಟೊ ಮೇಷ್ಟ್ರಿಗೆ ಕಳಿಸಬೇಕಾಗಿತ್ತು. ಒಂದು ಬೆಳಿಗ್ಗೆ ಬಸ್ಸಿನ ಗಡಿಬಿಡಿಯಲ್ಲಿ ಎರಡೂ ಅದಲುಬದಲಾದವು. ಫಿಸಿಕ್ಸ್ ಮೇಷ್ಟ್ರಿಗೆ ಅಂಜಲ್ ಮೀನು ಹೋಯಿತು. ಗಿರಾಕಿಗಳಿಗೆ ನಿಮ್ನ ದರ್ಪಣದ ಮೇಲೆ ಬೆಳಕಿನ ಕಿರಣ ಬೀಳುವ ಚಿತ್ರ ಹೋಯಿತು.

"ಮೇಷ್ಟ್ರು ಬೈದರಾ?" ಕೇಳಿದೆ.

"ಎಂತಕ್ ಬೈತ್ರ್? ಚಿತ್ರ ನಾಳೆ ಕೊಡ್ಲಕ್, ಈಗ ಇದನ್ ಕೊಯ್ದ್ ಕೊಡ್ತ್ರಾ ಅಂದ್ ಕೇಂಡ್ರ್. ಒಂದ್ ಕಿಲೊ ತಕಂಡ್ರ್."

"ಮತ್ತೆ ಗಿರಾಕಿಗಳು?"

"ಒಬ್ರ್ ಫೋನ್ ಮಾಡ್ರ್. ಅಕ್ಕ, ಇದ್ ಯಾವ್ ಮೀನ್? ಬರೀ ಮುಳ್ಳೇ ಕಾಣತ್ತಲ್ಲೆ, ಅಂದ್ರ್."

ಬಿಜೂರಿಗೆ ಪಾಸ್‌ವರ್ಡ್

ಬುಧವಾರ ಮಧ್ಯಾಹ್ನ ಬಂದವರು ಬಿಜೂರಿನ ಯಜಮಾನರೊಬ್ಬರು. ಮುಂಬೈಯಲ್ಲಿ ಹೋಟೆಲು, ಊರಿನಲ್ಲಿ ತೋಟ. ಬೈಂದೂರಿನಲ್ಲಿ ಓದುವ ಅಳಿಯನಿಗೆ, ಅಂದರೆ ತಂಗಿಯ ಮಗನಿಗೆ, ಟ್ಯಾಬ್ ಕೊಡಿಸಲು ಬಂದಿದ್ದರು. ಅಳಿಯನನ್ನು ಕರೆತಂದಿರಲಿಲ್ಲ. "ಅವ್ನಿಗೆ ಎಂತ ಗೊತ್ತಾತ್? ಎಲ್ಲಕ್ಕಿಂತ ದೊಡ್ಡದ್ ಕೊಡಿ. ಏಕದಂ ದೊಡ್ಡದ್."

ದೊಡ್ಡದು ತೋರಿಸಿದೆ. ಒಂದು ಮಾತನ್ನೂ ಹೇಳಿದೆ. "ಯಜಮಾನ್ರೇ, ಇದಕ್ಕೆ ಸಿಮ್ ಹಾಕುವ ಜಾಗ ಇಲ್ಲ. ವೈಫೈ ಇದ್ದರೆ ಮಾತ್ರ ಇಂಟರ್ನೆಟ್ಟು. ಅದಕ್ಕೇ ಈ ದರಕ್ಕೆ ಇಷ್ಟು ದೊಡ್ಡ ಪರದೆ ಸಿಗುವುದು. ಸಿಮ್ ಇರುವುದು ಸ್ವಲ್ಪ ಸಣ್ಣದು, ತೋರಿಸಲೇ?"

"ಸಣ್ಣದ್ ಬ್ಯಾಡ." ಯಕ್ಷಗಾನದ ವಿಡಿಯೊ ಹಾಕಿ ನೋಡಿದರು. ನೀರು ಹರಿದ ಹಾಗೆ ಓಡಿತು. ಹದಿನಾಲ್ಕು ಸಾವಿರ ಕೊಟ್ಟು ಬಗಲಲ್ಲಿ ಸಿಕ್ಕಿಸಿಕೊಂಡು ಹೋದರು.

ಮರುದಿನ ಫೋನು. "ನಿಮ್ಮ್ ಅಂಗ್ಡಿಯಂಗೆ ಚುರುಕ್ ಇತ್ತಿತ್ತ್. ಇಲ್ಲಿಗ್ ಬಂದದ್ದೇ ಮಂಕಾಯಿ ಕೂತಿತ್ತ್. ಎಂತದೂ ಬತ್ತಿಲ್ಲೆ."

"ಅಲ್ಲಿ ವೈಫೈ ಇದೆಯಾ?"

"ನಮ್ಮನ್ಯಗೆ ಎಲ್ಲಿತ್ತ್?"

"ನಾನು ಹೇಳಿದ್ದೆನಲ್ಲ ಯಜಮಾನ್ರೇ. ಇಲ್ಲಿ ಅದು ನಡೆದದ್ದು ನಮ್ಮ ಅಂಗಡಿಯ ವೈಫೈಯಲ್ಲಿ."

ನಮ್ಮ ನಡುವೆ ಗಂಗೊಳ್ಳಿ ಹೊಳೆ, ತ್ರಾಸಿ, ಮರವಂತೆಯ ಕಡಲು ಎಲ್ಲ ಮಲಗಿತ್ತು.

"ಹಾಂಗಾರೆ," ಅಂದರು, "ನಿಮ್ಮ್ ಅಂಗ್ಡಿ ಪಾಸ್‌ವರ್ಡ್ ಹೇಳಿ, ಬರ್ಕಂತೆ."

ಶುಕ್ರವಾರ ಅವರೇ ಬಂದು ಸಿಮ್ ಹಾಕುವ ಸಣ್ಣದನ್ನು ಒಯ್ದರು. ಪೆಟ್ಟಿಗೆ ಒಡೆದ ದೊಡ್ಡದು ನನ್ನ ಕಪಾಟಿಗೆ ವಾಪಸ್ ಬಂತು. ಇನ್ನು ಅದನ್ನು ಹೊಸದು ಅಂತ ಮಾರುವಂತಿಲ್ಲ, ಹಳೆಯದು ಅಂತ ಹೇಳಲು ಮನಸ್ಸಿಲ್ಲ.

ಬಾಡಿಗೆ ಬೋಣಿ

ದಿನಾ ಷಟರಿನ ಅಡಿಯಿಂದ ಅಕ್ಕ ಯಾಕೆ ಬರುತ್ತಾರೆ ಅಂತ ನನಗೆ ಹೊಳೆದದ್ದೇ ನಾಲ್ಕನೆಯ ದಿನ.

ದಿನದ ಮೊದಲ ವ್ಯಾಪಾರಕ್ಕೆ ಬೋಣಿ ಅನ್ನುತ್ತೇವೆ. ಬೋಣಿಯ ಗಿರಾಕಿ ಬರಿಗೈಯಲ್ಲಿ ಹೋದರೆ ಆ ದಿನ ಗಲ್ಲಾಪೆಟ್ಟಿಗೆ ತಣ್ಣಗೆ ಅಂತ ನಮ್ಮ ನಂಬಿಕೆ. ಬರೀ ನಂಬಿಕೆ ಅಂದುಕೊಂಡರೂ ಪರೀಕ್ಷೆ ಮಾಡುವ ಧೈರ್ಯ ಯಾರಿಗೂ ಇಲ್ಲ. ಮೀನು ಮಾರುವ ಅಕ್ಕನಿಗೆ ಇದನ್ನು ನಾನು ಕಲಿಸಬೇಕೇ? ಟ್ಯಾಬಿನ ಮಾತು ಮುರಿದು ಏಳುವಾಗ "ಬೋಣಿ ಬಿಡ್ಬ್ಯಾಡಿ ಅಣ್ಣ" ಅನ್ನುತ್ತಾ ಏನಾದರೂ ಒಂದು ಎತ್ತಿಕೊಳ್ಳುತ್ತಿದ್ದರು. ನೂರರ ಕೇಬಲ್ ಅರುವತ್ತಕ್ಕೆ ಹೋಯಿತು. ಮರುದಿನ ಮೊಬೈಲಿನ ಕವರು. ಅದರ ಮರುದಿನ ಟಾರ್ಚು. ಹೀಗೆ ಬಿಟ್ಟರೆ ಟ್ಯಾಬ್ ಕೊಳ್ಳುವ ಮೊದಲೇ ಅಂಗಡಿ ಗುಲ್ವಾಡಿಗೆ ಸಾಗುತ್ತದೆ ಅನ್ನಿಸಿತು.

ಶನಿವಾರಕ್ಕೆ ನಾನೊಂದು ಉಪಾಯ ಮಾಡಿದೆ. ಪಕ್ಕದ ಟೈಲರನನ್ನು ಬೇಗ ಬರಹೇಳಿ ಕೈಗೆ ನನ್ನದೇ ನೂರು ರೂಪಾಯಿ ಕೊಟ್ಟೆ. "ನಾನು ಷಟರ್ ಎತ್ತಿದ ಕೂಡಲೇ ಬಾ. ಅಲ್ಲಿ ನೇತು ಹಾಕಿದ ನೂರು ರೂಪಾಯಿಯ ಇಯರ್‌ಫೋನ್ ತೆಗೆದುಕೋ. ಬೋಣಿ ಆಯಿತು ಅಂತ ಲೆಕ್ಕ. ಆಮೇಲೆ ಬಂದವರ ಹತ್ತಿರ ನಾನು ಧೈರ್ಯವಾಗಿ ಇಲ್ಲ ಅನ್ನಬಹುದು."

ಟೈಲರ್ ಬಂದ. ಇಯರ್‌ಫೋನ್ ಇಳಿಸಿದ. ಮಗುಚಿ ನೋಡಿದ.

"ಎಂಬತ್ತಕ್ಕೆ ಕೊಡಿ," ಅಂದ.

"ಎಂತ ಮರಾಯ? ದುಡ್ಡು ನಂದು."

"ಅದ್ ಗೊತ್ತಿತ್ತ್. ಆರೆ ಬೋಣಿ ಹೊತ್ತಂಗೆ ಗಿರಾಕಿನ್ ಬರಿಗೈಯಂಗೆ ಕಳ್ಸುಕಾಗ ಅಲ್ದಾ?"

ಎಂಬತ್ತು ಎಣಿಸಿ ಕೊಟ್ಟು, ಇಪ್ಪತ್ತು ಕಿಸೆಗೆ ಹಾಕಿ, ಇಯರ್‌ಫೋನನ್ನು ಕಿವಿಗೇ ಸಿಕ್ಕಿಸಿಕೊಂಡು ಹೋದ.

ಸಂಜೆಯ ದರ

ಅವನ ಬೆನ್ನಿಗೇ ಅಕ್ಕ, ಮಗಳು.

"ಬೋಣಿ ಆಯ್ತಾ ಅಣ್ಣ?"

"ಆಯ್ತು ಅಕ್ಕ," ಅಂದೆ, ಎದೆ ಸ್ವಲ್ಪ ಮುಂದೆ ಮಾಡಿ.

ಅಕ್ಕ ಆರಾಮವಾಗಿ ಸ್ಟೂಲ್ ಎಳೆದು ಕೂತರು. "ಒಳ್ಳೆದಾಯ್ತ್. ಇಷ್ಟ್ ದಿನ ಬೋಣಿ ಹೊತ್ತಂಗೆ ಬಾರೀ ಚೌಕಾಸಿ ಮಾಡುಕೆ ನಂಗೂ ಮುಜುಗರ ಆತಿತ್ತ್. ಇವತ್ತ್ ಸಮಾ ಮಾತಾಡುವ."

ಮಗಳ ಕಣ್ಣು ಕಪಾಟಿನ ಮೇಲಿತ್ತು. "ಆ ದೊಡ್ಡದ್ ಎಂತಕ್ ಪೆಟ್ಟಿಗಿ ಒಡ್ದಿತ್ತ್?"

ಬಿಜೂರಿನ ಕತೆ ಹೇಳಿದೆ. ಸಿಮ್ ಹೋಗುವುದಿಲ್ಲ ಅಂತಲೂ ಹೇಳಿದೆ. ಸೋಮವಾರದ ಐಸಿನ ಮಾತು ಇನ್ನೂ ಕಿವಿಯಲ್ಲಿತ್ತು.

ಆ ಹುಡುಗಿ ಅದನ್ನು ಕೈಗೆತ್ತಿಕೊಂಡು ಅಂಗಡಿಯ ಬಾಗಿಲಿಗೆ ಹೋದಳು. ಬಿಸಿಲಿಗೆ ಹಿಡಿದು ಒಂದು ಪಾಠದ ನಾಲ್ಕು ಪುಟ ಓದಿದಳು. ಮೆಮೊರಿ ಕಾರ್ಡ್ ಹಾಕಲಾಗುತ್ತದೋ ನೋಡಿದಳು. ಗ್ಯಾರಂಟಿ ಯಾವತ್ತಿನಿಂದ, ರಿಪೇರಿಗೆ ಎಲ್ಲಿಗೆ ಕಳಿಸುತ್ತೀರಿ, ಸಾಫ್ಟ್‌ವೇರ್ ಇನ್ನೆಷ್ಟು ವರ್ಷ ಬರುತ್ತದೆ ಅಂತ ಕೇಳಿದಳು. ಬಣ್ಣ ಕೇಳಲಿಲ್ಲ. ನನ್ನ ಗಿರಾಕಿಗಳು ಮೊದಲು ಕೇಳುವುದು ಬಣ್ಣ.

"ಕಾಲೇಜಂಗೆ ವೈಫೈ ಇತ್ತಮ್ಮ. ಪಾಠ ಅಲ್ಲೇ ಇಳ್ಸ್ಕಂಡ್ರೆ ಬಸ್ಸಂಗೆ ಓದುಲಕ್. ಮನಿಗ್ ಬಂದ್ ಮೇಲೆ ನಿನ್ ಮೊಬೈಲಿಂದ್ಲೇ ನೆಟ್ ತಕಂತೆ. ಸಿಮ್ಮಿಗೆ ಬೇರೆ ದುಡ್ಡ್ ಎಂತಕ್?"

ಹದಿನಾಲ್ಕು ಸಾವಿರದ್ದು, ಹನ್ನೊಂದೂವರೆಗೆ ಕೊಡುತ್ತೇನೆ ಅಂದೆ.

"ಬೆಳಿಗ್ಗಿ ದರಕ್ಕೆ ಸಂಜಿ ಮೀನ್ ಹೋತಿಲ್ಲೆ ಅಣ್ಣ," ಅಂದರು ಅಕ್ಕ.

"ಸಂಜೆ ಮೀನಲ್ಲ ಅಕ್ಕ. ಪೆಟ್ಟಿಗೆ ಒಡೆದು ಬರೀ ಮೂರು ದಿನ ಆದದ್ದು."

"ಮೂರ್ ದಿನ ಆಯ್ತಾ? ನಾನ್ ಸಂಜಿದ್ ಅಂದ್ಕಂಡೆ. ಹಾಂಗಾರೆ ಇದ್ ಒಣಮೀನ್."

ಹತ್ತು ಸಾವಿರಕ್ಕೆ ಮುಗಿಯಿತು. ನನಗೆ ನಷ್ಟ ಆಯಿತೋ ಇಲ್ಲವೋ ಬರೆಯುವುದಿಲ್ಲ, ಅಕ್ಕ ಓದಿದರೆ ಕಷ್ಟ. ಕೊಸರು ಅಂತ ಒಂದು ಕವರು ಕೇಳಿದರು, ಕೊಟ್ಟೆ. ಪರದೆಗೆ ಗಾಜು ಅಂಟಿಸಿಕೊಟ್ಟೆ. ಬಸ್ಸಿನಲ್ಲಿ ಪಾಠ ಕೇಳಲು ಇಯರ್‌ಫೋನೂ ಬೇಕು ಅಂದರು. ಸ್ಟಾಕ್ ಮುಗಿದಿದೆ ಅಂದೆ.

"ಈಗ ಬಪ್ಪತ್ತಿಗೆ ಟೈಲರಣ್ಣನ್ ಕಿವಿಯಂಗೆ ಕಂಡೆ. ಅಂಥದ್ದೇ ಒಂದ್ ಸಾಕ್."

ಮೊದಲ ಬಂಗುಡೆ

ಸೋಲು ಒಪ್ಪಿಕೊಂಡರೆ ವ್ಯಾಪಾರಿಯಲ್ಲ. ಸೋಮವಾರ ಬೆಳಿಗ್ಗೆ ಆರೂವರೆಗೇ ಚೀಲ ಹಿಡಿದು ಮೀನು ಮಾರ್ಕೆಟಿಗೆ ಹೋದೆ. ಅಕ್ಕ ಆಗಷ್ಟೇ ಬುಟ್ಟಿ ಇಳಿಸುತ್ತಿದ್ದರು. ಮಗಳು ಬ್ರಹ್ಮಾವರದ ಬಸ್ಸಿಗೆ ಹೊರಟು ಪಕ್ಕದಲ್ಲಿ ನಿಂತಿದ್ದಳು. ಟ್ಯಾಬನ್ನು ಮೀನು ಕಟ್ಟುವ ಪ್ಲಾಸ್ಟಿಕ್ಕಿನಲ್ಲಿ ಎರಡು ಸುತ್ತು ಸುತ್ತಿ ಚೀಲಕ್ಕೆ ಹಾಕಿದ್ದಳು, ಒಂದು ಹನಿ ನೀರು ಒಳಗೆ ಹೋಗುವ ಹಾಗಿರಲಿಲ್ಲ. ಎದುರಿಗೆ ಒಬ್ಬ ಗಿರಾಕಿಯೂ ಇಲ್ಲ. ಇದೇ ನನಗೆ ಬೇಕಾದದ್ದು.

"ಅಕ್ಕ, ಇವತ್ತಿನ ಬೋಣಿ ನಂದು," ಅಂದೆ. "ಬಂಗುಡೆ ಹೇಗೆ?"

"ನೂರಕ್ಕೆ ಐದ್."

"ಎಂಟು ಹಾಕಿ. ಬೋಣಿ ಬಿಡಬೇಡಿ."

ಅಕ್ಕ ಮಗಳ ಮುಖ ನೋಡಿದರು. ಮಗಳು ಬುಟ್ಟಿಯ ಬದಿಯ ಸಣ್ಣ ಸ್ಪೀಕರ್ ನೋಡಿದಳು, ಮೊಬೈಲಿನಲ್ಲಿ ದುಡ್ಡು ಬಂದರೆ ಕೂಗಿ ಹೇಳುತ್ತದಲ್ಲ, ಅದು. ಅಷ್ಟರಲ್ಲಿ ಅದು ಇಡೀ ಮಾರ್ಕೆಟಿಗೆ ಕೇಳುವ ಹಾಗೆ ಹೇಳಿತು: "ಒಂದು ರೂಪಾಯಿ ಬಂದಿದೆ."

"ಬೋಣಿ ಆಯ್ತಲೆ ಅಣ್ಣ," ಅಂದರು ಅಕ್ಕ.

"ಯಾರದ್ದು ಆ ಒಂದು ರೂಪಾಯಿ?"

"ನಿಮ್ಮ್ ಪಕ್ಕದ್ ಟೈಲರಣ್ಣಂದ್. ದಿನಾ ಬೆಳಿಗ್ಗಿ ಮನಿಯಿಂದ್ಲೇ ಹಾಕ್ತ್ರ್. ವಾರಕ್ಕೆ ನಾಲ್ಕ್ ಬಂಗುಡೆ ಕೊಡುದ್ ಅಂದ್ ಮಾತಾಯ್ತ್. ಬೋಣಿ ಮಾಡಿ ಅವ್ರಿಗೆ ಅಭ್ಯಾಸ ಇತ್ತಂಬ್ರಲೆ."

ಮಗಳು ನಗು ತಡೆಯಲಾಗದೆ ಬಸ್ಸಿನ ಕಡೆ ನಡೆದಳು. ಮೊದಲ ದಿನದ ಕ್ಲಾಸಿಗೆ ಹೊತ್ತಿಗೆ ಸರಿಯಾಗಿ ಹೋದಳು ಅಂತ ಆಮೇಲೆ ತಿಳಿಯಿತು.

ನಾನು ನೂರು ರೂಪಾಯಿ ಕೊಟ್ಟೆ. ಐದೇ ಬಂಗುಡೆ. ಮಾನ ಉಳಿಸಿಕೊಳ್ಳಲು ಒಂದನ್ನು ಎತ್ತಿ, ಬೆನ್ನು ಒತ್ತಿ, ಕಿವಿರು ಬಿಡಿಸಿ ಬೆಳಕಿಗೆ ಹಿಡಿದು ಕೇಳಿದೆ: "ಇದು ಯಾವತ್ತು ಬಂದದ್ದು ಅಕ್ಕ?"

ಅಕ್ಕ ಚೀಲಕ್ಕೆ ಮೀನು ತುಂಬುತ್ತಾ, ತಲೆ ಎತ್ತದೆ ಹೇಳಿದರು:

"ಮೊನ್ನೆ ಮೊನ್ನೆ."