ಗುಣವತಿಯ ಕಾರಿನ ನೆಗ್ಗು

ತನ್ನ ಕೈಗುಣಕ್ಕೆ ಸ್ವಂತ ಮನೆಯಲ್ಲೇ ಬೆಲೆಯಿಲ್ಲ ಎಂಬುದು ಬೀಜಾಡಿಯ ಪ್ರೇಮಾನಂದರ ಬಹುಕಾಲದ ಕೊರಗು.

ಕೋಟೇಶ್ವರದಲ್ಲಿ ಅವರದೊಂದು ಕನ್ನಡಕದ ಅಂಗಡಿಯಿದೆ. ಅಲ್ಲಿ ಸಾಸಿವೆಗಿಂತ ಸಣ್ಣ ಸ್ಕ್ರೂಗಳನ್ನು ಉಸಿರು ಬಿಗಿಹಿಡಿದು ಕೂರಿಸುವ ಅದೇ ಬೆರಳುಗಳಿಗೆ ಮನೆಗೆ ಬಂದೊಡನೆ ಏನಾಗುತ್ತಿತ್ತೋ ದೇವರೇ ಬಲ್ಲ. ಅಡುಗೆಮನೆಯ ನಲ್ಲಿ ಸೋರುತ್ತದೆಂದು ಬಿಚ್ಚಿ ಜೋಡಿಸಿದರು. ಸೋರುವುದು ನಿಂತಿತು. (ನೀರು ಬರುವುದೂ ನಿಂತಿತು.) ಮಿಕ್ಸಿ ತಿರುಗುವುದಿಲ್ಲವೆಂದು ಕೈ ಹಾಕಿದರು. ತಿರುಗಿತು, ಆದರೆ ಗೋಡೆಯ ಪ್ಲಗ್ ಕೀಳದೆ ನಿಲ್ಲಲೇ ಇಲ್ಲ. ಇಂಥ ಪ್ರತಿಯೊಂದು ಪ್ರಯೋಗದ ಮರುದಿನ ಹೆಂಡತಿ ಗುಣವತಿ, ಗಂಡ ಅಂಗಡಿಗೆ ಹೋದದ್ದೇ, ರಿಪೇರಿಯವರನ್ನು ಕರೆಸಿ ಸದ್ದಿಲ್ಲದೆ ಸರಿಮಾಡಿಸುತ್ತಿದ್ದರು. ಸಂಜೆ ಬಂದ ಪ್ರೇಮಾನಂದರು ನಲ್ಲಿ ತಿರುಗಿಸಿ, ಧಾರಾಳವಾಗಿ ಬೀಳುವ ನೀರನ್ನು ನೋಡಿ, "ನಾನ್ ಹೇಳಿರ್ಲಿಲ್ಯಾ, ಒಂದ್ ದಿನ ಬಿಟ್ರೆ ತಾನಾಗೇ ಕೂರತ್ತ್ ಅಂದೇಳಿ?" ಎನ್ನುತ್ತಿದ್ದರು. ಗುಣವತಿ ಎದುರು ಮಾತಾಡುತ್ತಿರಲಿಲ್ಲ. ದಾಂಪತ್ಯ ಚೆನ್ನಾಗಿಯೇ ನಡೆದಿತ್ತು.

ಗುಣವತಿಯವರದು ಯಕ್ಷಗಾನ ಮೇಳಗಳಿಗೆ ವೇಷಭೂಷಣ ಹೊಲಿದು, ಕಿರೀಟ ಕಟ್ಟಿಕೊಡುವ ಕೆಲಸ. ಸಾಲಿಗ್ರಾಮದ ಕಡೆಗೆ ಬಟ್ಟೆಯ ಗಂಟುಗಳನ್ನು ಬಸ್ಸಿನಲ್ಲಿ ಹೊತ್ತು ಸಾಕಾಗಿ, ಐವತ್ತು ದಾಟಿದ ಮೇಲೆ ಹಟ ಹಿಡಿದು ಡ್ರೈವಿಂಗ್ ಕಲಿತು, ಒಂದು ಹಳೆಯ ಬಿಳಿ ಕಾರು ಕೊಂಡಿದ್ದರು. ಪ್ರೇಮಾನಂದರಿಗೆ ಡ್ರೈವಿಂಗ್ ಬಾರದು. ಅವರು ಎಡಗಡೆ ಕೂತು, ತಿರುವು ಬಂದಾಗಲೆಲ್ಲ ಬರಿಯ ನೆಲಕ್ಕೆ ಕಾಲೊತ್ತಿ ಬ್ರೇಕು ಹಾಕುತ್ತಿದ್ದರು.

ಹೀಗಿರುವಾಗ ಒಂದು ಬೆಳಿಗ್ಗೆ, ನೆರೆಮನೆಯ ಕಿಟ್ಟ ತನ್ನ ಮೀನಿನ ಟೆಂಪೋವನ್ನು ಓಣಿಯಲ್ಲಿ ಹಿಂದಕ್ಕೆ ತೆಗೆಯುವಾಗ, ಗೇಟಿನ ಹೊರಗೆ ನಿಂತಿದ್ದ ಕಾರಿನ ಹಿಂಬಾಗಿಲಿಗೆ ಗುದ್ದಿಬಿಟ್ಟ. ಅಡುಗೆಮನೆಯ ಕಿಟಕಿಯಿಂದ ಗುಣವತಿ ಕಣ್ಣಾರೆ ಕಂಡರು. ಓಡಿಬಂದು ನೋಡಿದರೆ ಬಾಗಿಲಲ್ಲಿ ಅನ್ನದ ತಟ್ಟೆಯಷ್ಟಗಲ ನೆಗ್ಗು, ಅದರ ನಡುವೆ ಟೆಂಪೋದ ನೀಲಿ ಬಣ್ಣದ ಗೀರು.

"ನಾನಲ್ಲ ಗುಣಕ್ಕ. ನೀವೇ ಗೇಟಿಗೆ ತಾಗ್ಸಿದ್ರಿ ಕಾಣತ್ತ್" ಎಂದ ಕಿಟ್ಟ, ಮುಖ ಬೇರೆ ಕಡೆ ತಿರುಗಿಸಿ.

ಅಷ್ಟಕ್ಕೇ ಬಿಟ್ಟಿದ್ದರೆ ಗುಣವತಿ ಮರೆಯುತ್ತಿದ್ದರೋ ಏನೋ. ಆದರೆ ಅವನು ಚಹದಂಗಡಿಗಳಲ್ಲೆಲ್ಲ, ಗುಣಕ್ಕ ಕಾರನ್ನು ಗೇಟಿಗೆ ಗುದ್ದಿದ್ದಾರೆ, ಈ ಪ್ರಾಯದಲ್ಲಿ ಅದೆಲ್ಲ ಯಾಕೆ ಬೇಕಿತ್ತೋ ಎಂದು ಹೇಳಿಕೊಂಡು ಬಂದ. ಮರುದಿನ ಹಾಲಿನವಳು, "ಅಕ್ಕ, ಹುಷಾರ್ ಮಾರಾಯ್ರೆ" ಎಂದಳು. ಮೇಳದ ಯಜಮಾನರು ಫೋನು ಮಾಡಿ, ಕಿರೀಟದ ಪೆಟ್ಟಿಗೆಯನ್ನು ಬೇಕಾದರೆ ಬಸ್ಸಿಗೇ ಹಾಕಿ, ಕಾರು ತರಬೇಡಿ ಎಂದರು. ಗುಣವತಿಗೆ ಆ ರಾತ್ರಿ ಊಟ ಸೇರಲಿಲ್ಲ. ವರ್ಕ್‌ಶಾಪಿಗೆ ಕೊಡುವ ಯೋಚನೆಯನ್ನೇ ಬಿಟ್ಟರು. ಕಿಟ್ಟ ತನ್ನ ಬಾಯಿಂದಲೇ ಒಪ್ಪಿಕೊಳ್ಳುವವರೆಗೆ ಆ ನೆಗ್ಗು ಅಲ್ಲೇ ಇರಬೇಕು.

ಕಿಟ್ಟ ಈ ಲೋಕದಲ್ಲಿ ಹೆದರುತ್ತಿದ್ದುದು ಒಬ್ಬರಿಗೆ ಮಾತ್ರ: ಅವನ ತಾಯಿ ಸೀತಕ್ಕನಿಗೆ. ಕೋಟೇಶ್ವರದ ಮಾರ್ಕೆಟಿನಲ್ಲಿ ಮೀನು ಮಾರಿ ಮಕ್ಕಳನ್ನು ಸಾಕಿದ ಹೆಂಗಸು. ಸುಳ್ಳು ಹೇಳುವವರನ್ನು ಮೀನಿನ ಕಿವಿರು ಎತ್ತಿ ನೋಡುವ ಹಾಗೆ ನೋಡುವವಳು. ಬೈಂದೂರಿನ ಮಗಳ ಮನೆಗೆ ಹೋಗಿದ್ದವಳು ಆದಿತ್ಯವಾರ ಬರುವವಳಿದ್ದಳು.

ಶನಿವಾರ ಸಂಜೆ ಗುಣವತಿ ಗಂಡನಿಗೆ ಸ್ಪಷ್ಟವಾಗಿಯೇ ಹೇಳಿದರು. "ಹ್ವಾಯ್, ನಾಳೆ ಸೀತಕ್ಕನ ಕರ್ಕಂಡ್ ಬಂದ್ ಬಾಗಿಲ್ ತೋರ್ಸ್ತೆ. ಅಲ್ಲಿವರಿಗೆ ಕಾರ್ ಮುಟ್ಟುಕಾಗ. ಗೊತ್ತಾಯ್ತಾ?"

"ಹೂಂ" ಎಂದರು ಪ್ರೇಮಾನಂದರು.

ಅವರ ಕಿವಿಯಲ್ಲಿ ಇಯರ್‌ಫೋನಿತ್ತು. ಫೋನಿನಲ್ಲಿ ಯಾವನೋ ಪರದೇಶದವನು ಕಾರಿನ ನೆಗ್ಗನ್ನು ಬಿಸಿನೀರು ಹಾಕಿ, ಬಚ್ಚಲಿನ ನೀರು ಕಟ್ಟಿದಾಗ ಒತ್ತುವ ರಬ್ಬರ್ ಪಂಪಿನಿಂದ ಎಳೆದು ತೆಗೆಯುತ್ತಿದ್ದ.

ಆದಿತ್ಯವಾರ ಗುಣವತಿ ಸೀತಕ್ಕನನ್ನು ಎದುರುಗೊಳ್ಳಲು ಕಾರನ್ನು ಅಂಗಳದಲ್ಲೇ ಬಿಟ್ಟು ಬಸ್‌ಸ್ಟ್ಯಾಂಡಿಗೆ ಹೊರಟಿದ್ದೇ ತಡ, ಪ್ರೇಮಾನಂದರು ಬಚ್ಚಲೊಲೆಯ ಹಂಡೆಯಿಂದ ಕೊಡಪಾನದಲ್ಲಿ ಬಿಸಿನೀರು ತುಂಬಿಕೊಂಡು, ಬಚ್ಚಲಿನ ರಬ್ಬರ್ ಪಂಪು ಹಿಡಿದು ಅಂಗಳಕ್ಕಿಳಿದರು. ಪಾಪ, ಅವರ ಮನಸ್ಸಿನಲ್ಲಿ ಕಪಟವಿರಲಿಲ್ಲ. ವಾರವಿಡೀ ಹೆಂಡತಿ ಮುಖ ಸಣ್ಣಗೆ ಮಾಡಿಕೊಂಡು ಓಡಾಡಿದ್ದು ಅವರಿಗೆ ಕಂಡಿತ್ತು. ಅವಳು ಬರುವುದರೊಳಗೆ ಬಾಗಿಲು ಹೊಸದರ ಹಾಗಾಗಬೇಕು, ಅವಳು ನೋಡಿ ನಗಬೇಕು. ಇಷ್ಟೇ.

ನೀರು ಹೊಯ್ದರು. ಪಂಪಿನ ಅಂಚಿಗೆ ತೆಂಗಿನೆಣ್ಣೆ ಸವರಿ ಒತ್ತಿದರು. ಎಳೆದರು. ಪಂಪು ಕಳಚಿ ಬಂದು, ಅವರು ದಾಸವಾಳದ ಗಿಡದ ಬುಡದಲ್ಲಿ ಕೂತರು. ಎದ್ದು ಮತ್ತೆ ನೀರು ಹೊಯ್ದು, ಒಂದು ಕಾಲನ್ನು ಚಕ್ರಕ್ಕೆ ಆನಿಸಿ, ಕುಲದೇವರನ್ನು ನೆನೆದು ಇನ್ನೊಮ್ಮೆ ಎಳೆದರು.

"ಟಪ್" ಎಂದಿತು.

ನೆಗ್ಗು ಮಾಯ!

ಪ್ರೇಮಾನಂದರಿಗೆ ನಂಬಿಕೆಯೇ ಬರಲಿಲ್ಲ. ಕನ್ನಡಕ ತೆಗೆದು ನೋಡಿದರು, ಹಾಕಿ ನೋಡಿದರು. ಬಾಗಿಲು ಕನ್ನಡಿಯಷ್ಟು ಸಪಾಟಾಗಿತ್ತು. ಉಳಿದಿದ್ದ ನೀಲಿ ಗೀರನ್ನು ಟೂತ್‌ಪೇಸ್ಟು ಹಚ್ಚಿ ತಿಕ್ಕಿದರು, ಅದೂ ಹೋಯಿತು. ಜೀವಮಾನದಲ್ಲಿ ಮೊದಲ ಬಾರಿಗೆ ಅವರ ಕೈಯಿಂದ ಒಂದು ವಸ್ತು ನಿಜಕ್ಕೂ ರಿಪೇರಿಯಾಗಿತ್ತು. ಮೆಟ್ಟಿಲ ಮೇಲೆ ಕೂತು ಅದನ್ನೇ ನೋಡುತ್ತಿದ್ದರೆ ಅವರ ಕಣ್ಣು ತುಸು ಒದ್ದೆಯಾಯಿತು.

ಅಷ್ಟರಲ್ಲಿ ಗೇಟು ಕಿರ್ರೆಂದಿತು. ಮುಂದೆ ಸೆರಗು ಬಿಗಿದು ಸೀತಕ್ಕ, ಅವಳ ಹಿಂದೆ ಕೈದಿಯಂತೆ ಕಿಟ್ಟ, ಕೊನೆಯಲ್ಲಿ ಗೆದ್ದ ಕಳೆಯ ಗುಣವತಿ.

"ಬನಿ ಸೀತಕ್ಕ, ನಿಮ್ಮ್ ಕಣ್ಣಲ್ಲೇ ಕಾಣಿ. ನೀಲಿ ಬಣ್ಣ ಸಮೇತ ಇತ್ತ್. ನಮ್ಮ್ ಗೇಟ್ ನೀಲಿಯಾ? ಹೇಳಿ!" ಎನ್ನುತ್ತ ಗುಣವತಿ ಕಾರಿನತ್ತ ಕೈ ಚಾಚಿದರು.

ಚಾಚಿದ ಕೈ ಅಲ್ಲೇ ನಿಂತಿತು.

ಸೀತಕ್ಕ ಬಾಗಿಲು ನೋಡಿದಳು, ಗುಣವತಿಯನ್ನು ನೋಡಿದಳು. "ಎಲ್ಲಿತ್ತ್ ಗುಣವತಿ? ನಂಗೆಂತದೂ ಕಾಣ್ಸುದಿಲ್ಲೆ."

"ಹ್ಯಾಂಗೆ?" ಎಂದರು ಪ್ರೇಮಾನಂದರು, ಪಂಪನ್ನು ಗದೆಯಂತೆ ಹೆಗಲಿಗೇರಿಸಿ, ಮುಖ ಅರಳಿಸಿ. "ಗುರ್ತ್ ಸಿಕ್ಕತ್ತಾ ಕಾಣ್!"

ಗುಣವತಿ ಮೆಟ್ಟಿಲ ಮೇಲೆ ಕುಸಿದು ಕೂತರು. "ನಿನ್ನೆ ನಾನ್ ಎಂತ ಹೇಳಿದ್ದ್ ನಿಮ್ಗೆ?"

"ಎಂತ ಹೇಳಿದ್ದೆ?" ಎಂದು ಕೇಳುವಾಗಲೇ ಪ್ರೇಮಾನಂದರಿಗೆ ಏನೋ ಎಡವಟ್ಟಾಗಿದೆ ಎಂದು ಹೊಳೆಯಿತು. ಗದೆ ಹೆಗಲಿನಿಂದ ಮೆಲ್ಲನೆ ಇಳಿಯಿತು.

ಕಿಟ್ಟನಿಗಂತೂ ಆಶ್ಚರ್ಯ ತಡೆಯಲಾಗಲಿಲ್ಲ. ಅವನು ಬಗ್ಗಿ ಬಾಗಿಲ ಮೇಲೆ ಅಂಗೈ ಆಡಿಸಿದ.

"ಅಯ್ಯಬ್ಬ, ಪ್ರೇಮಣ್ಣ! ನನ್ನ್ ಟೆಂಪೋ ಮೂಲೆ ಹೊಕ್ಕಿದ್ ಜಾಗ ಇದೇ ಅಲ್ದಾ? ಇಷ್ಟ್ ಆಳ ಹೋಯಿತ್ತಲೆ! ಹ್ಯಾಂಗ್ ತೆಗ್ದ್ರಿ ಮಾರಾಯ್ರೆ?"

ಹೇಳಿದ ಮೇಲೆ ಅವನಿಗೇ ತನ್ನ ಮಾತು ಕೇಳಿಸಿತು. ನಿಧಾನವಾಗಿ ತಾಯಿಯ ಕಡೆ ತಿರುಗಿದ.

"ಓಹೋ" ಎಂದಳು ಸೀತಕ್ಕ. ಅಷ್ಟೇ. ಆದರೆ ಆ ಓಹೋದಲ್ಲಿ ಮಾರ್ಕೆಟ್ಟಿಗೆ ಮಾರ್ಕೆಟ್ಟೇ ಇತ್ತು. "ಹೆಣ್ಮಕ್ಳ್ ಮೇಲೆ ಸುಳ್ಳ್ ಹೇಳ್ತ್ಯಾ? ಗುಣವತಿ ಕಾಲ್ ಹಿಡಿ. ಮತ್ತೆ ಹೇಳಿದ್ ಅಂಗಡಿಗೆಲ್ಲ ಹೋಯಿ, ನಡ್ದಿದ್ದ್ ನಡ್ದಂಗೆ ಹೇಳಿ ಬಾ. ಒಂದ್ ಅಕ್ಷರ ಬಿಡುಕಾಗ."

"ಕಾಲೆಲ್ಲ ಬ್ಯಾಡ, ತಪ್ಪಾಯ್ತ್ ಅಂದ್ರೆ ಸಾಕ್" ಎಂದರು ಗುಣವತಿ. ಕಿಟ್ಟ ಅಂದ. ಗುಣವತಿ ಗಂಡನ ಕಡೆ ತಿರುಗಿ ನಕ್ಕರು. "ಅಂತೂ ನಿಮ್ಮಿಂದ್ಲೂ ಒಂದ್ ಉಪ್ಕಾರ ಆಯ್ತ್ ಕಾಣಿ."

ಪ್ರೇಮಾನಂದರು ಅಲ್ಲಿಗೆ ಸುಮ್ಮನೆ ಒಳಗೆ ಹೋಗಿದ್ದರೆ ಚೆನ್ನಾಗಿತ್ತು. ಆದರೆ ಜೀವನದ ಮೊದಲ ಗೆಲುವು ಮನುಷ್ಯನನ್ನು ಸುಮ್ಮನೆ ಬಿಡುತ್ತದೆಯೇ? ಅವರು ಕಾರಿನ ಪಕ್ಕದಲ್ಲಿ ನಿಂತು ಪ್ರವಚನ ಆರಂಭಿಸಿದರು. ಕಬ್ಬಿಣದ ಸ್ವಭಾವ, ಬಿಸಿನೀರಿನ ಮಹಿಮೆ, ರಬ್ಬರಿನ ಶಕ್ತಿ.

"ಇದ್ ಬರೀ ರಿಪೇರಿ ಅಲ್ಲ. ಇನ್ ಆನೆ ಬಂದ್ ಗುದ್ದಿರೂ ಜಗ್ಗುದಿಲ್ಲೆ, ಕಾಣಿ!" ಎನ್ನುತ್ತ, ಮಗುವಿನ ಬೆನ್ನು ತಟ್ಟುವಂತೆ, ಆದರೆ ತುಸು ಜೋರಾಗಿ, ಬಾಗಿಲಿಗೊಂದು ಏಟು ಕೊಟ್ಟರು.

"ಟೊಂಯ್" ಎಂದಿತು.

ನೆಗ್ಗು ಮರಳಿ ಬಂತು. ಈ ಸಲ ಒಬ್ಬಟ್ಟಿನ ಹೆಂಚಿನಷ್ಟು ಅಗಲವಾಗಿ, ನಡುವೆ ಅಂಗೈಯ ಗುರುತು ಸಹಿತ.

"ಇದ್ ನಂದಲ್ಲ ಹ್ವಾಯ್!" ಕಿಟ್ಟ ಎರಡೂ ಕೈ ಮೇಲೆತ್ತಿದ. "ಎಲ್ಲ್ರೂ ಕಂಡಿರಿ!"

ಸೀತಕ್ಕ ಬಗ್ಗಿ ನೋಡಿ, ನ್ಯಾಯ ಹೇಳಿದಳು. "ಹೌದ್. ಕಿಟ್ಟಂದ್ ಸರಿಯಾಯ್ತ್. ಇದ್ ಪ್ರೇಮಾನಂದ್ರದ್ದೇ."

ಗುಣವತಿ ವರ್ಕ್‌ಶಾಪಿಗೆ ಫೋನು ಮಾಡಿದರು. ಈ ಸಲ ಗಂಡನ ಎದುರಿಗೇ.

ಕಿಟ್ಟ ತಾಯಿಯ ಮಾತು ಮೀರುವವನಲ್ಲ. ಅಂದೇ ಸಂಜೆ ಅಂಗಡಿ ಅಂಗಡಿಗೆ ಹೋಗಿ, ನಡೆದದ್ದನ್ನು ನಡೆದಂತೆ, ಒಂದು ಅಕ್ಷರ ಬಿಡದೆ, ಕೊನೆಯ ಟೊಂಯ್‌ವರೆಗೂ ಹೇಳಿಬಂದ. ಮೇಳದ ಯಜಮಾನರು ಕಿರೀಟವನ್ನು ಕಾರಿನಲ್ಲೇ ತನ್ನಿ ಎಂದು ಗುಣವತಿಗೆ ಫೋನು ಮಾಡಿದರು.

ಸೋಮವಾರ ಬೆಳಿಗ್ಗೆ ಪ್ರೇಮಾನಂದರು ಕನ್ನಡಕದಂಗಡಿಯ ಬಾಗಿಲು ತೆರೆದು ದೀಪ ಹಚ್ಚುತ್ತಿದ್ದರು. ಮೊದಲ ಗಿರಾಕಿಯಾಗಿ ಬಂದ ಮುದುಕರೊಬ್ಬರು ಸ್ಟೂಲಿನ ಮೇಲೆ ಕೂತು, ಅವರನ್ನು ಕನಿಕರದಿಂದ ನೋಡಿ ದನಿ ತಗ್ಗಿಸಿ ಕೇಳಿದರು:

"ಪ್ರೇಮಾನಂದ್ರೆ, ಹೇಂತಿ ಮೇಲಿನ ಸಿಟ್ಟಿಗೆ ಕಾರಿಗೆ ಹೊಡ್ದ್ರಿ ಅಂಬ್ರಲೆ? ಪಾಪ, ಅದೆಂತ ಮಾಡಿತ್ತ್ ನಿಮ್ಗೆ?"